ಅಂಬಾಸಿಡರ್ ಡಿಸ್ಟ್ರಿಬ್ಯೂಟರ್: ನಂಬರ್ ಇಲ್ಲದ ಮಾಲನ್ನು ಗುರುತು ಹಿಡಿದು ಸರಿ ಮಾಡಿದ ಬಗೆ

ಹಳೆಯ ಕಾರಿನ ಬಾನೆಟ್ ಎತ್ತಿದಾಗ ಕಾಣುವ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಆ ಕಾರು ಕಾರ್ಖಾನೆ ಬಿಟ್ಟಾಗ ಇದ್ದದ್ದೇ ಎಂದು ನಂಬುವ ಹಾಗಿಲ್ಲ. ಐವತ್ತು ಅರವತ್ತು ವರ್ಷದಲ್ಲಿ ಆ ಕಾರು ಎಷ್ಟು ಕೈ ಬದಲಾಯಿಸಿರುತ್ತದೆ, ಎಷ್ಟು ಗ್ಯಾರೇಜ್ ನೋಡಿರುತ್ತದೆ! ಯಾವುದೋ ಊರಲ್ಲಿ ಕೆಟ್ಟು ನಿಂತಾಗ ಅಲ್ಲಿ ಸಿಕ್ಕಿದ್ದನ್ನು ಹಾಕಿರುತ್ತಾರೆ. ಕಾರು ಓಡುತ್ತದೆ, ಹಾಗಾಗಿ ಮುಂದೆ ಯಾರೂ ಆ ಕಡೆ ನೋಡುವುದಿಲ್ಲ. ನಮ್ಮ ಮಾರ್ಕ್ 2 ಅಂಬಾಸಿಡರ್‌ನಲ್ಲಿ ಆಗಿದ್ದೂ ಇದೇ. ಅದರೊಳಗೆ ಕೂತಿದ್ದ ಡಿಸ್ಟ್ರಿಬ್ಯೂಟರ್ ಯಾವುದು ಎಂದು ಪತ್ತೆ ಮಾಡಿ, ಅದಕ್ಕೊಂದು ದಾರಿ ಕಾಣಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಾರು ಇಟ್ಟುಕೊಂಡವರಿಗೆ ನೇರವಾಗಿ ಉಪಯೋಗಕ್ಕೆ ಬರಲಿ ಎಂಬ ಆಸೆ.

ಕಾರು ನಮ್ಮ ಮನೆಗೆ ಬಂದಾಗ ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಮೈಸೂರಿನ ಒಳಗೆ ನಿಧಾನಕ್ಕೆ ಓಡಿಸಿದರೆ ತೊಂದರೆಯೇ ಗೊತ್ತಾಗುತ್ತಿರಲಿಲ್ಲ. ಚಾಮುಂಡಿ ಬೆಟ್ಟದ ಏರಿಗೆ ಬಿಟ್ಟರೆ ಮಾತ್ರ ಮೂರನೇ ಗೇರಿನಲ್ಲಿ ಕಟಕಟ ಅಂತ ನಾಕಿಂಗ್ ಶುರುವಾಗುತ್ತಿತ್ತು. ಪಿಕಪ್ ಸತ್ತೇ ಹೋಗುತ್ತಿತ್ತು. ಇಂಜಿನ್ ಬಿಸಿಯಾದ ಮೇಲೆ ಆಗಾಗ ಕಿಡಿ ತಪ್ಪಿ ಮಿಸ್ಸಿಂಗ್ ಬೇರೆ. ಹಿಂದಿನ ಮಾಲೀಕರು ಪ್ಲಗ್ ಬದಲಾಯಿಸಿದ್ದರು, ಕಾಯಿಲ್ ಹೊಸದು ಹಾಕಿಸಿದ್ದರು, ಕಾರ್ಬುರೇಟರ್ ಬಿಚ್ಚಿ ತೊಳೆಸಿದ್ದರು. ಬಿಲ್ಲುಗಳೆಲ್ಲ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇದ್ದವು. ಡಿಸ್ಟ್ರಿಬ್ಯೂಟರ್ ಮುಟ್ಟಿದ ಬಿಲ್ ಮಾತ್ರ ಒಂದೂ ಇರಲಿಲ್ಲ.

ಡಿಸ್ಟ್ರಿಬ್ಯೂಟರ್ ಮಾಡುವ ಕೆಲಸ ಮೂರು. ಪಾಯಿಂಟ್ (ಕರೆಂಟ್ ಕಡಿದು ಕೂಡಿಸುವ ಪುಟ್ಟ ಸ್ವಿಚ್) ತೆರೆದು ಮುಚ್ಚಿ ಕಾಯಿಲ್‌ನಲ್ಲಿ ಕಿಡಿ ಹುಟ್ಟಿಸುವುದು, ಆ ಕಿಡಿಯನ್ನು ಸರದಿಯ ಪ್ರಕಾರ ನಾಲ್ಕು ಪ್ಲಗ್‌ಗೆ ಹಂಚುವುದು, ಇಂಜಿನ್ ವೇಗ ಹೆಚ್ಚಿದ ಹಾಗೆ ಕಿಡಿಯನ್ನು ಸ್ವಲ್ಪ ಮುಂಚೆ ಮುಂಚೆ ಕೊಡುತ್ತಾ ಹೋಗುವುದು, ಅಂದರೆ ಅಡ್ವಾನ್ಸ್. ಇಂಜಿನ್ 3000 ಆರ್‌ಪಿಎಂನಲ್ಲಿದ್ದಾಗ ಸೆಕೆಂಡಿಗೆ 100 ಕಿಡಿ ಬೇಕು. ಮೊದಲ ಎರಡು ಕೆಲಸ ಕೆಟ್ಟರೆ ಕಾರು ನಿಲ್ಲುತ್ತದೆ, ಹಾಗಾಗಿ ಎಲ್ಲರೂ ಅದನ್ನು ನೋಡುತ್ತಾರೆ. ಮೂರನೆಯದು ಕೆಟ್ಟರೆ ಕಾರು ಓಡುತ್ತಲೇ ಇರುತ್ತದೆ, ಆದರೆ ಕೆಟ್ಟದಾಗಿ. ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಎಲ್ಲಕ್ಕೂ ಪೆಟ್ಟು ಬೀಳುವುದು ಅದರಿಂದಲೇ.

ನಮ್ಮ ಬಡಾವಣೆ ಹತ್ತಿರ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ. ಟ್ಯಾಕ್ಸಿ ಅಂಬಾಸಿಡರ್‌ಗಳ ಕಾಲದಿಂದ ಇದೇ ಕೆಲಸ. ಕ್ಯಾಪಿನ ಎರಡು ಕ್ಲಿಪ್ ಬಿಚ್ಚಿ, ಒಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ ಹಿಡಿದು ಆಚೆ ಈಚೆ ಅಲ್ಲಾಡಿಸಿದರು. ಬಾಡಿಯ ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಿದರು.

"ಸಾರ್, ಇದು ಕಂಪ್ನಿ ಮಾಲಲ್ಲ. ಹೆಸ್ರೂ ಇಲ್ಲ, ನಂಬರೂ ಇಲ್ಲ."

"ಹಾಗಂದ್ರೆ ಬಿಸಾಕ್ಬೇಕಾ ಮೇಸ್ತ್ರಿ?"

"ಬಿಸಾಕೋದ್ಯಾಕೆ? ಮೊದ್ಲು ಇದೇನು ಅಂತ ತಿಳ್ಕೊಳ್ಳಿ. ಏನು ಅಂತ ಗೊತ್ತಿಲ್ದೆ ಯಾವ ಪಾಯಿಂಟ್ ತರ್ತೀರಾ, ಯಾವ ರೋಟರ್ ತರ್ತೀರಾ?"

ಈ ಮಾತು ನನಗೆ ತುಂಬಾ ಸರಿ ಅನ್ನಿಸಿತು. ಅಂಗಡಿಗೆ ಹೋಗಿ "ಅಂಬಾಸಿಡರ್ ರೋಟರ್ ಕೊಡಿ" ಅಂದರೆ ಏನೋ ಒಂದು ಕೊಡುತ್ತಾರೆ. ಬೇಕಾಗಿರುವುದು ಕಾರಿಗೆ ಹೊಂದುವ ರೋಟರ್ ಅಲ್ಲ, ಆ ಕಾರಿನಲ್ಲಿ ಈಗ ಕೂತಿರುವ ಡಿಸ್ಟ್ರಿಬ್ಯೂಟರಿಗೆ ಹೊಂದುವ ರೋಟರ್.

ಗುರುತು ಹಿಡಿಯುವ ಕೆಲಸಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅದನ್ನು ತಯಾರಿಸಿತು. ಅದರ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಬಳಗದ್ದು. ಇದೇ ಅಳತೆಯ ಇಂಜಿನ್ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಇದರ 1798 ಸಿಸಿ ಅಣ್ಣ ಎಂಜಿಬಿಯಲ್ಲಿತ್ತು. ಈ ಬಳಗಕ್ಕೆ ಡಿಸ್ಟ್ರಿಬ್ಯೂಟರ್ ಕೊಟ್ಟ ಕಂಪನಿ ಲ್ಯೂಕಾಸ್. ನಮ್ಮಲ್ಲಿ ಅದೇ ಲ್ಯೂಕಾಸ್ ಮತ್ತು ಟಿವಿಎಸ್ ಸೇರಿ 1961ರಲ್ಲಿ ಲ್ಯೂಕಾಸ್-ಟಿವಿಎಸ್ ಕಂಪನಿ ಕಟ್ಟಿದರು. ಚೆನ್ನೈನ ಪಾಡಿಯಲ್ಲಿ ಅವರ ಕಾರ್ಖಾನೆ.

ಲ್ಯೂಕಾಸ್‌ನಲ್ಲಿ ಈ ಇಂಜಿನ್ನುಗಳಿಗೆ ಬಂದ ಮಾದರಿ ಮುಖ್ಯವಾಗಿ ಮೂರು. 1950ರ ದಶಕದ ಡಿಎಂ2, ಅರವತ್ತರ ದಶಕದ 25ಡಿ4, ಎಪ್ಪತ್ತರ ದಶಕದಲ್ಲಿ ಬಂದ 45ಡಿ4. ಇಂಜಿನ್ನಿನ ಗಾಳಿ ಎಳೆತಕ್ಕೆ ಪಾಯಿಂಟ್ ತಟ್ಟೆಯನ್ನು ಸರಿಸುವ ವ್ಯಾಕ್ಯೂಮ್ ಡಬ್ಬಿಯ ತುದಿಯಲ್ಲಿ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಸೂಕ್ಷ್ಮವಾಗಿ ತಿರುಗಿಸುವ ಗುಂಡಿ ಇದ್ದರೆ ಅದು ಡಿಎಂ2 ಅಥವಾ 25ಡಿ4 ಮಾದರಿ. 45ಡಿ4ಗೆ ಆ ಗುಂಡಿ ಇಲ್ಲ. 25ಡಿ4ರ ಪಾಯಿಂಟ್ 45ಡಿ4ಗೆ ಕೂರುವುದಿಲ್ಲ. 25ಡಿ4ರ ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) ಸುಮಾರು 60 ಡಿಗ್ರಿ, 45ಡಿ4ರದ್ದು ಸುಮಾರು 51. ಹಾಗಾಗಿ ಮಾದರಿ ಗೊತ್ತಿಲ್ಲದೆ ಡ್ವೆಲ್ ಮೀಟರ್ ಹಿಡಿದು ಕೂತರೆ ಪ್ರಯೋಜನವಿಲ್ಲ.

ಬ್ರಿಟನ್ನಿನ ಅಸಲಿ ಲ್ಯೂಕಾಸ್ ಬಾಡಿಯ ಪಕ್ಕದಲ್ಲಿ 40 ಅಥವಾ 41ರಿಂದ ಶುರುವಾಗುವ ಐದಂಕಿಯ ನಂಬರ್ ಒತ್ತಿರುತ್ತಾರೆ. ಅದರ ಪಕ್ಕದಲ್ಲೇ ತಯಾರಾದ ವಾರ ಮತ್ತು ವರ್ಷ. 23 66 ಅಂದರೆ 1966ರ 23ನೇ ವಾರ. ಆ ಐದಂಕಿ ಸಿಕ್ಕಿದರೆ ಯಾವ ಕಾರಿಗೆ, ಯಾವ ಅಡ್ವಾನ್ಸ್ ಲೆಕ್ಕಕ್ಕೆ ಮಾಡಿದ್ದು ಎಂದು ಹುಡುಕಬಹುದು. ವ್ಯಾಕ್ಯೂಮ್ ಡಬ್ಬಿಯ ಮೇಲೆ ಮೂರು ಸಂಖ್ಯೆಗಳ ಗುರುತು ಇರುತ್ತದೆ. ಉದಾಹರಣೆಗೆ 5-13-10. ಪಾದರಸದ 5 ಇಂಚು ವ್ಯಾಕ್ಯೂಮ್‌ಗೆ ಎಳೆಯಲು ಶುರು, 13 ಇಂಚಿಗೆ ಪೂರ್ತಿ, ಒಟ್ಟು 10 ಡಿಗ್ರಿ ಅಡ್ವಾನ್ಸ್ ಎಂದು ಅರ್ಥ. ಮೂರನೆಯ ಜಾಗವೂ ಇದೆ. ಪಾಯಿಂಟ್ ಕೂತಿರುವ ತಟ್ಟೆಯನ್ನು ತೆಗೆದರೆ ಕೆಳಗೆ, ಪಾಯಿಂಟನ್ನು ತೆರೆಸುವ ನಾಲ್ಕು ಮೂಲೆಯ ಕ್ಯಾಮಿನ ಕಾಲಿನ ಮೇಲೆ 10 ಅಥವಾ 15 ಡಿಗ್ರಿ ಎಂದು ಒತ್ತಿರುತ್ತದೆ. ಅದು ವೇಗ ಹೆಚ್ಚಿದಂತೆ ಹೊರಕ್ಕೆ ಹರಡುವ ತೂಕದ ಗುಂಡುಗಳು ಕೊಡುವ ಹೆಚ್ಚೆಂದರೆ ಎಷ್ಟು ಅಡ್ವಾನ್ಸ್ ಎಂಬ ಲೆಕ್ಕ. ಡಿಸ್ಟ್ರಿಬ್ಯೂಟರ್ ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಈ ಎಲ್ಲ ಡಿಗ್ರಿಯನ್ನೂ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟ್) ಲೆಕ್ಕಕ್ಕೆ ಎರಡರಿಂದ ಗುಣಿಸಬೇಕು.

ನಮ್ಮದರಲ್ಲಿ ಈ ಮೂರು ಕಡೆಯೂ ಖಾಲಿ. ಆಕಾರ ಪೂರ್ತಿ 25ಡಿ4ರದ್ದೇ, ಗುಂಡಿಯೂ ಇತ್ತು. ಎರಕ ಮಾತ್ರ ಒರಟು, ಅಚ್ಚಿನ ಏಣು ಹಾಗೇ ಉಳಿದಿತ್ತು. ಕ್ಯಾಪ್ ಹಿಡಿಯುವ ಕ್ಲಿಪ್ಪುಗಳು ತೆಳು ತಗಡಿನವು. ವ್ಯಾಕ್ಯೂಮ್ ಕೊಳವೆಯನ್ನು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿದರೆ ತಟ್ಟೆ ಸ್ವಲ್ಪ ಸರಿದು ಮತ್ತೆ ವಾಪಸ್ ಬರುತ್ತಿತ್ತು. ಅಂದರೆ ಒಳಗಿನ ಡಯಾಫ್ರಾಮ್ ಸೋರುತ್ತಿದೆ. ತಟ್ಟೆ ಬಿಚ್ಚಿ ನೋಡಿದಾಗ ತೂಕದ ಗುಂಡುಗಳಿಗೆ ಹಾಕಿದ್ದ ಎರಡು ಸ್ಪ್ರಿಂಗ್ ಒಂದೇ ತರಹ, ಎರಡೂ ತೆಳು. ಅಸಲಿ ಲ್ಯೂಕಾಸ್‌ನಲ್ಲಿ ಸಾಮಾನ್ಯವಾಗಿ ಒಂದು ಸ್ಪ್ರಿಂಗ್ ತೆಳು, ಇನ್ನೊಂದು ದಪ್ಪ. ದಪ್ಪದ್ದರ ಕೊಂಡಿ ಸ್ವಲ್ಪ ಸಡಿಲವಾಗಿರುತ್ತದೆ. ಕಡಿಮೆ ವೇಗದಲ್ಲಿ ತೆಳು ಸ್ಪ್ರಿಂಗ್ ಮಾತ್ರ ಎಳೆದು ಹಿಡಿಯುತ್ತದೆ, ವೇಗ ಜಾಸ್ತಿಯಾದ ಮೇಲೆ ದಪ್ಪದ್ದು ಕೆಲಸಕ್ಕೆ ಬರುತ್ತದೆ. ಎರಡೂ ತೆಳುವಾದರೆ ಗುಂಡುಗಳು ಬೇಗ ಹರಡಿಕೊಳ್ಳುತ್ತವೆ. ಕಿಡಿ ಬೇಕಾದ್ದಕ್ಕಿಂತ ಮುಂಚೆ ಬೀಳುತ್ತದೆ. ಬೆಟ್ಟದ ಏರಿನಲ್ಲಿ ಕೇಳುತ್ತಿದ್ದ ನಾಕಿಂಗ್‌ಗೆ ಇದೇ ಕಾರಣ ಇರಬೇಕು ಎಂದು ಅಲ್ಲೇ ಅನುಮಾನ ಬಂತು.

ಅನುಮಾನವನ್ನು ಅಳತೆ ಮಾಡಿ ನೋಡಬೇಕಲ್ವಾ? ಅದಕ್ಕೆ ಒಂದು ಟೈಮಿಂಗ್ ಲೈಟ್ (ಪ್ಲಗ್‌ಗೆ ಕಿಡಿ ಹೋದಾಗಲೆಲ್ಲ ಮಿಂಚುವ ದೀಪ), ಒಂದು ಟೇಪು ಸಾಕು. ಕ್ರ್ಯಾಂಕ್ ಪುಲ್ಲಿಯ ಸುತ್ತಳತೆಯನ್ನು ಟೇಪಿನಿಂದ ಅಳೆದು 12ರಿಂದ ಭಾಗಿಸಿದರೆ 30 ಡಿಗ್ರಿಯ ದೂರ ಸಿಗುತ್ತದೆ. ಪುಲ್ಲಿಯ ಟಿಡಿಸಿ (ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ) ಗುರುತಿನಿಂದ, ಪುಲ್ಲಿ ತಿರುಗುವ ದಿಕ್ಕಿನಲ್ಲಿ ಅಷ್ಟು ದೂರಕ್ಕೆ ಬಿಳಿ ಬಣ್ಣದ ಗೆರೆ ಎಳೆದೆ. ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿದೆ. ಮೇಸ್ತ್ರಿ ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪವೇ ಎತ್ತಿದರು, ನಾನು ಲೈಟ್ ಹಿಡಿದೆ. ಇಂಥ ಮಾಮೂಲಿ ಕಾರಿನಲ್ಲಿ ಗುಂಡುಗಳ ಪೂರ್ತಿ ಅಡ್ವಾನ್ಸ್ ಬರುವುದು 3000 ಆರ್‌ಪಿಎಂ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಆದರೆ ಸರಿ. ನಮ್ಮದರಲ್ಲಿ 1500ಕ್ಕೇ ಬಿಳಿ ಗೆರೆ ಮುಳ್ಳಿನ ಎದುರಿಗೆ ಬಂದು ನಿಂತಿತು.

ಅದೇ ಲೈಟಿನಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಇದನ್ನು ಹೆಚ್ಚು ಜನ ಮಾಡುವುದಿಲ್ಲ, ಆದರೆ ತುಂಬಾ ಉಪಯುಕ್ತ. 1ನೇ ಮತ್ತು 4ನೇ ಪಿಸ್ಟನ್ ಒಟ್ಟಿಗೇ ಮೇಲೆ ಬರುತ್ತವೆ. ಹಾಗಾಗಿ ಲೈಟಿನ ಕ್ಲಿಪ್ ಅನ್ನು 1ನೇ ಪ್ಲಗ್ ವೈರಿನಿಂದ ತೆಗೆದು 4ನೇದಕ್ಕೆ ಹಾಕಿದರೆ ಪುಲ್ಲಿ ಗುರುತು ಅದೇ ಜಾಗದಲ್ಲಿ ಕಾಣಬೇಕು. ಬೇರೆ ಕಡೆ ಕಂಡರೆ ಶಾಫ್ಟ್ ಅಲ್ಲಾಡುತ್ತಿದೆ, ಇಲ್ಲವೇ ಕ್ಯಾಮ್ ಸರಿಯಾಗಿ ಕೊರೆದಿಲ್ಲ. ನಮ್ಮದರಲ್ಲಿ ಸುಮಾರು 5 ಡಿಗ್ರಿ ವ್ಯತ್ಯಾಸ ಇತ್ತು. ಒಂದು ಸಿಲಿಂಡರಿಗೆ ಸರಿಯಾಗಿ ಟೈಮಿಂಗ್ ಇಟ್ಟರೆ ಇನ್ನೊಂದಕ್ಕೆ ತಪ್ಪುತ್ತದೆ. ಇದಕ್ಕೆ ಎಷ್ಟು ಪ್ಲಗ್ ಬದಲಾಯಿಸಿದರೂ ಪರಿಹಾರವಿಲ್ಲ.

ಇಂಥ ನಕಲು ನಮ್ಮ ಕಾರಿಗೆ ಬಂದದ್ದು ಹೇಗೆ ಎಂಬುದಕ್ಕೂ ಕಾರಣ ಇದೆ. ಬಿಎಂಸಿಯ ಎ-ಸೀರೀಸ್, ಬಿ-ಸೀರೀಸ್ ಎರಡಕ್ಕೂ ಈ ಡಿಸ್ಟ್ರಿಬ್ಯೂಟರ್‌ಗಳು ಕೂರುತ್ತವೆ. ಮೋರಿಸ್ ಮೈನರ್, ಮಿನಿ, ಎಂಜಿಬಿ, ನಮ್ಮ ಅಂಬಾಸಿಡರ್ ಎಲ್ಲಕ್ಕೂ ಒಂದೇ ನಕಲು ಮಾಡಿ ಮಾರಬಹುದು. ಇಂಜಿನ್ನಿಗೆ ಸಿಕ್ಕಿಕೊಳ್ಳುವ ಕೆಳಗಿನ ಕೊಕ್ಕೆ ಹೊಂದುತ್ತದೆ, ರೋಟರ್ ತಿರುಗುವ ದಿಕ್ಕೂ ಒಂದೇ. ಆದರೆ 848 ಸಿಸಿಯ ಪುಟ್ಟ ಇಂಜಿನ್ನಿಗೆ ಬೇಕಾದ ಅಡ್ವಾನ್ಸ್ 1489 ಸಿಸಿ ಇಂಜಿನ್ನಿಗೆ ಬೇಕಾದದ್ದಲ್ಲ. ತೂತಿಗೆ ಕೂರುವುದು ಬೇರೆ, ಇಂಜಿನ್ನಿಗೆ ಒಗ್ಗುವುದು ಬೇರೆ.

ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡಿರುವ ನನ್ನ ಗೆಳೆಯನ ಅನುಭವವೂ ಇದೇ ತರಹದ್ದು. ಬೀಟಲ್‌ಗೆ ಪ್ರಪಂಚದಾದ್ಯಂತ ಜನ ಹಾಕಿಸಿಕೊಂಡದ್ದು ಬಾಷ್ 009. ಅದರ ಮೇಲೆ 0 231 178 009 ಎಂಬ ನಂಬರ್ ಇರುತ್ತದೆ. ಅದು ನಕಲಲ್ಲ, ಒಳ್ಳೆಯ ಮಾಲೇ. ಆದರೆ ಅದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ ಇಲ್ಲ, ಗುಂಡುಗಳ ಅಡ್ವಾನ್ಸ್ ಮಾತ್ರ. ವ್ಯಾಕ್ಯೂಮ್ ನಂಬಿ ಹೊಂದಿಸಿದ ಕಾರ್ಬುರೇಟರ್ ಜೊತೆ ಹಾಕಿದರೆ ಆಕ್ಸಿಲರೇಟರ್ ಒತ್ತಿದ ಕ್ಷಣ ಇಂಜಿನ್ ಒಮ್ಮೆ ತಡವರಿಸುತ್ತದೆ. ಆತ ಇದಕ್ಕಾಗಿ ಕಾರ್ಬುರೇಟರನ್ನೇ ಮತ್ತೆ ಮತ್ತೆ ಬಿಚ್ಚಿಸುತ್ತಿದ್ದ. ಡಿಸ್ಟ್ರಿಬ್ಯೂಟರ್ ನಂಬರ್ ಓದಿದ ಮೇಲೆ ಕಾರಣ ಗೊತ್ತಾಯಿತು.

ನಮ್ಮ ಕಾರಿಗೆ ಏನು ಮಾಡುವುದು? ಹಳೆಯ ಲ್ಯೂಕಾಸ್-ಟಿವಿಎಸ್ ಸಿಕ್ಕಿದರೆ ಅದನ್ನೇ ರಿಪೇರಿ ಮಾಡಿಸುವುದು ಒಳ್ಳೆಯದು ಎಂದರು ಮೇಸ್ತ್ರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳುತ್ತಾ ಹೋದೆ. ಹೊಸದಾಗಿ ಡಬ್ಬಿಯಲ್ಲಿರುವ ನಕಲುಗಳು ಬೇಕಾದಷ್ಟು. ಕೊನೆಗೆ ಗಲ್ಲಿಯೊಳಗಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ, ಜಿಡ್ಡು ಹಿಡಿದ ರಾಶಿಯ ಕೆಳಗೆ ಲ್ಯೂಕಾಸ್-ಟಿವಿಎಸ್ ಹೆಸರಿರುವ 25ಡಿ4 ಮಾದರಿಯದೊಂದು ಸಿಕ್ಕಿತು. ಕ್ಯಾಪ್ ಇಲ್ಲ, ಪಾಯಿಂಟ್ ತುಕ್ಕು. ನಾನು ನೋಡಿದ್ದು ಬೇರೆ ಮೂರು: ಬಾಡಿ ಬಿರುಕು ಬಿಟ್ಟಿಲ್ಲವೇ, ಕ್ಯಾಮ್‌ನ ನಾಲ್ಕು ಮೂಲೆ ಸವೆದಿಲ್ಲವೇ, ವ್ಯಾಕ್ಯೂಮ್ ಡಬ್ಬಿ ಎಳೆದರೆ ಹಿಡಿದು ನಿಲ್ಲುತ್ತದೆಯೇ. ಮೂರೂ ಸರಿ ಇತ್ತು. ಗುಂಡುಗಳ ಸ್ಪ್ರಿಂಗ್ ಒಂದು ತೆಳು, ಒಂದು ದಪ್ಪ. ಇಷ್ಟಿದ್ದರೆ ಉಳಿದದ್ದೆಲ್ಲ ಹೊಸದಾಗಿ ಹಾಕಬಹುದು.

ಬಿಚ್ಚುವ ಮೊದಲು ಕೆಳತುದಿಯ ಕೊಕ್ಕೆಗೂ ಶಾಫ್ಟಿಗೂ ಸೇರಿಸಿ ಒಂದು ಗೀರು ಹಾಕಿದೆವು, ಮೇಲೆ ರೋಟರ್ ಯಾವ ಕಡೆ ಮುಖ ಮಾಡಿದೆ ಎಂದೂ ಗುರುತು ಮಾಡಿಕೊಂಡೆವು. ಆ ಕೊಕ್ಕೆಯ ನಾಲಿಗೆ ನಡುವಿಗಿಲ್ಲ, ಸ್ವಲ್ಪ ಪಕ್ಕಕ್ಕಿದೆ. ಇಂಜಿನ್ನಿನೊಳಗೆ ಒಂದೇ ರೀತಿಯಲ್ಲಿ ಕೂರಲಿ ಎಂದೇ ಹಾಗೆ ಮಾಡಿದ್ದಾರೆ. ತಿರುವುಮುರುವು ಜೋಡಿಸಿದರೆ ರೋಟರ್ 180 ಡಿಗ್ರಿ ಆಚೆ ನೋಡುತ್ತದೆ, ಇಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಶಾಫ್ಟನ್ನು ಆಚೀಚೆ ಅಲ್ಲಾಡಿಸಿದರೆ ಬೆರಳಿಗೆ ಸ್ಪಷ್ಟವಾಗಿ ಪ್ಲೇ ಗೊತ್ತಾಗುತ್ತಿತ್ತು. ಶಾಫ್ಟ್ ಚೆನ್ನಾಗಿತ್ತು, ಅದು ತಿರುಗುವ ಕೊಳವೆ, ಅಂದರೆ ಬುಶ್, ಸವೆದಿತ್ತು. ಲೇತ್ ಅಂಗಡಿಯಲ್ಲಿ ಮೈಯೆಲ್ಲಾ ಸೂಕ್ಷ್ಮ ರಂಧ್ರಗಳಿರುವ ಕಂಚಿನ ಬುಶ್ ಅನ್ನು ಅಳತೆಗೆ ಮಾಡಿಸಿದೆವು. ಈ ಜಾತಿಯ ಬುಶ್ ಎಣ್ಣೆ ಹೀರಿಕೊಂಡು, ಓಡುವಾಗ ಅದನ್ನೇ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತದೆ. ಹಾಗಾಗಿ ಹಾಕುವ ಮೊದಲು 24 ಗಂಟೆ ಇಂಜಿನ್ ಆಯಿಲ್‌ನಲ್ಲಿ ಮುಳುಗಿಸಿ ಇಡಬೇಕು. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಒಣ ಬುಶ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪ್ಲೇ ಬರುತ್ತದೆ.

ತಟ್ಟೆಯ ಮೇಲೆ ಬಟ್ಟೆ ಸುತ್ತಿದ ಒಂದು ಸಣ್ಣ ಅರ್ಥ್ ವೈರ್ ಇರುತ್ತದೆ. ತಟ್ಟೆ ವ್ಯಾಕ್ಯೂಮ್‌ಗೆ ಸರಿದಾಡುವುದರಿಂದ ಅದು ಬಗ್ಗಿ ಬಗ್ಗಿ ಒಳಗೇ ತುಂಡಾಗುತ್ತದೆ. ಹೊರಗಿನ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಮನೆ ಮುಂದೆ ನಿಂತಾಗ ಇಂಜಿನ್ ಸರಿಯಾಗಿ ಓಡಿ, ರಸ್ತೆಯಲ್ಲಿ ಆಕ್ಸಿಲರೇಟರ್ ಏರಿಳಿಸಿದಾಗ ಮಾತ್ರ ಮಿಸ್ಸಿಂಗ್ ಬರುವ ಕಾರುಗಳಲ್ಲಿ ನಾನು ಮೊದಲು ನೋಡುವುದು ಈ ವೈರನ್ನೇ. ಮಲ್ಟಿಮೀಟರ್ ಹಿಡಿದು, ತಟ್ಟೆಯನ್ನು ಕೈಯಿಂದ ಸರಿಸುತ್ತಾ ನೋಡಿದರೆ ಸಿಕ್ಕಿಬೀಳುತ್ತದೆ. ನಾವು ಮೆತ್ತನೆಯ, ಹೆಚ್ಚು ಎಳೆಯ ವೈರ್ ಬೆಸುಗೆ ಹಾಕಿದೆವು. ಗಟ್ಟಿ ವೈರ್ ಹಾಕಿದರೆ ತಟ್ಟೆಯೇ ಸರಿಯುವುದಿಲ್ಲ.

ಪಾಯಿಂಟ್ ಹಾಕುವಾಗ ಜೋಡಣೆಯ ಕ್ರಮ ಮುಖ್ಯ. ಹಳೆ ಮಾದರಿಯ ಎರಡು ತುಂಡಿನ ಪಾಯಿಂಟಿನಲ್ಲಿ ಫೈಬರ್ ವಾಷರ್‌ಗಳು ಬರುತ್ತವೆ. ಕಾಯಿಲ್‌ನಿಂದ ಬರುವ ವೈರ್, ಕಂಡೆನ್ಸರ್ (ಪಾಯಿಂಟಿನ ಮುಖ ಸುಡದಂತೆ ಕಾಯುವ ಪುಟ್ಟ ಡಬ್ಬಿ) ವೈರ್, ಪಾಯಿಂಟಿನ ಸ್ಪ್ರಿಂಗ್ ಮೂರೂ ಒಂದಕ್ಕೊಂದು ತಾಗಬೇಕು, ಆದರೆ ಕೆಳಗಿನ ಕಂಬಕ್ಕೆ ತಾಗಬಾರದು. ಒಂದು ವಾಷರ್ ಜಾಗ ತಪ್ಪಿದರೂ ಎಲ್ಲಾ ಅರ್ಥ್ ಆಗಿ ಕಿಡಿ ಬರುವುದೇ ಇಲ್ಲ. ಹೊಸ ಪಾಯಿಂಟಿನ ಮುಖಕ್ಕೆ ತುಕ್ಕು ಹಿಡಿಯದಂತೆ ಏನಾದರೂ ಬಳಿದಿರುತ್ತಾರೆ. ಪೆಟ್ರೋಲಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಬೇಕು. ಆಮೇಲೆ ಪಾಯಿಂಟಿನ ಹಿಮ್ಮಡಿ ಕ್ಯಾಮ್‌ನ ಮೂಲೆಯ ಮೇಲೆ ಬರುವಂತೆ ಇಂಜಿನ್ ತಿರುಗಿಸಿ, ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿಲಿಮೀಟರ್ ಗ್ಯಾಪ್. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಗ್ಯಾಪ್ ಜಾಸ್ತಿಯಾದರೆ ಕಿಡಿ ಮುಂಚೆ, ಕಡಿಮೆಯಾದರೆ ತಡ. ಹಾಗಾಗಿ ಯಾವಾಗಲೂ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್.

ರೋಟರ್ ಮತ್ತು ಕಂಡೆನ್ಸರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ನಕಲು ಬಿಡಿಭಾಗಗಳಲ್ಲಿ ಜನರಿಗೆ ಹೆಚ್ಚು ಕಾಟ ಕೊಡುವುದು ಇವೆರಡೇ. ಹಲವು ರೋಟರ್‌ಗಳಲ್ಲಿ ಮೇಲಿನ ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಆ ರಿವೆಟ್ಟಿನ ತುದಿಗೂ ಕೆಳಗೆ ಶಾಫ್ಟ್ ಹಿಡಿಯುವ ಸ್ಪ್ರಿಂಗ್‌ಗೂ ನಡುವೆ ಪ್ಲಾಸ್ಟಿಕ್ ತೀರಾ ತೆಳು. ಬಿಸಿಯಾದ ಮೇಲೆ ಕಿಡಿ ಅಲ್ಲಿ ತೂತು ಮಾಡಿಕೊಂಡು ಶಾಫ್ಟಿಗೆ ಇಳಿಯುತ್ತದೆ, ಪ್ಲಗ್‌ಗೆ ಹೋಗುವುದೇ ಇಲ್ಲ. ಕಣ್ಣಿಗೆ ಏನೂ ಕಾಣುವುದಿಲ್ಲ. ಪರೀಕ್ಷೆ ಹೀಗೆ: ಕ್ಯಾಪ್ ತೆಗೆದು ರೋಟರನ್ನು ಅದರ ಜಾಗದಲ್ಲೇ ಬಿಡಿ. ಪಾಯಿಂಟ್ ಮುಚ್ಚಿರಲಿ, ಇಗ್ನಿಷನ್ ಆನ್ ಇರಲಿ. ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು ಒಳ್ಳೆಯ ಇನ್ಸುಲೇಶನ್ ಇರುವ ಇಕ್ಕಳದಲ್ಲಿ ಹಿಡಿದು, ರೋಟರಿನ ಹಿತ್ತಾಳೆಯಿಂದ 3 ಮಿಲಿಮೀಟರ್ ದೂರ ಇಡಿ. ಪಾಯಿಂಟನ್ನು ಮರದ ಕಡ್ಡಿಯಿಂದ ತೆರೆಯಿರಿ. ರೋಟರಿಗೆ ಕಿಡಿ ಹಾರಿದರೆ ಆ ರೋಟರ್ ಸೋರುತ್ತಿದೆ ಎಂದೇ ಅರ್ಥ. ಹಾರದಿದ್ದರೆ ಒಳ್ಳೆಯದು. ಸಾವಿರಾರು ವೋಲ್ಟ್ ಇರುತ್ತದೆ, ಪೆಟ್ರೋಲ್ ವಾಸನೆ ಇರುವ ಕಡೆ ಇದನ್ನು ಮಾಡಲೇಬೇಡಿ.

ನಮ್ಮ ನಕಲು ಡಿಸ್ಟ್ರಿಬ್ಯೂಟರ್‌ನ ರೋಟರ್ ಈ ಪರೀಕ್ಷೆಯಲ್ಲಿ ತಣ್ಣಗಿದ್ದಾಗ ಪಾಸು, ಬಿಸಿಯಾದಾಗ ಫೇಲು. ಬಿಸಿಯಾದ ಮೇಲಿನ ಮಿಸ್ಸಿಂಗ್‌ಗೆ ಉತ್ತರ ಇಲ್ಲಿತ್ತು. ನಾನೀಗ ರಿವೆಟ್ ಇಲ್ಲದ ರೋಟರನ್ನೇ ಹುಡುಕಿ ಕೊಳ್ಳುತ್ತೇನೆ, ಬೆಲೆ ಜಾಸ್ತಿಯಾದರೂ ಪರವಾಗಿಲ್ಲ. ಕಂಡೆನ್ಸರ್ 0.2 ಮೈಕ್ರೋಫ್ಯಾರಡ್ ಆಸುಪಾಸಿನಲ್ಲಿ ಇರಬೇಕು. ಅದನ್ನು ಅಳೆಯುವ ಮಲ್ಟಿಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಹೊಸ ಕಂಡೆನ್ಸರನ್ನೂ ಅಳೆದೇ ಹಾಕಿ. ಹಳೆಯದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ.

ಕ್ಯಾಪಿನಲ್ಲೂ ಎರಡು ಜಾತಿ. ಕೆಲವಕ್ಕೆ ಪ್ಲಗ್ ವೈರ್ ಮೇಲಿನಿಂದ ಒತ್ತಿ ಕೂರಿಸುವುದು. ಹಳೆಯವಕ್ಕೆ ಪಕ್ಕದಿಂದ ತೂರಿಸಿ, ಕ್ಯಾಪಿನ ಒಳಗಿನಿಂದ ಚೂಪು ಸ್ಕ್ರೂ ತಿರುಗಿಸಿ ವೈರನ್ನು ಚುಚ್ಚಿ ಹಿಡಿಸುವುದು. ಪಕ್ಕದ ಜಾತಿಗೆ ತಾಮ್ರದ ಎಳೆಯ ವೈರೇ ಬೇಕು. ಕಾರ್ಬನ್ ಎಳೆಯ ವೈರ್ ಹಾಕಿದರೆ ಸ್ಕ್ರೂ ಸರಿಯಾಗಿ ಕಚ್ಚುವುದಿಲ್ಲ, ಮಿಸ್ಸಿಂಗ್ ಖಾತ್ರಿ. ಕ್ಯಾಪಿನ ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಸರಾಗವಾಗಿ ಒಳಗೆ ಹೊರಗೆ ಆಡಬೇಕು. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿ ನೋಡಿದರೆ ಕ್ಯಾಪ್, ವೈರ್ ಎಲ್ಲೆಲ್ಲಿ ಸೋರುತ್ತಿದೆ ಎಂದು ನೀಲಿ ಕಿಡಿಗಳೇ ತೋರಿಸುತ್ತವೆ.

ಜೋಡಿಸಿದ ಡಿಸ್ಟ್ರಿಬ್ಯೂಟರನ್ನು ಇಂಜಿನ್ನಿಗೆ ಇಳಿಸಿದೆವು. ಸರದಿ 1-3-4-2, ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. 1ನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿದೆ ಎಂದು ಖಚಿತ ಮಾಡಿಕೊಳ್ಳಲು 4ನೇ ಸಿಲಿಂಡರಿನ ವಾಲ್ವ್‌ಗಳನ್ನು ನೋಡಬೇಕು. ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಿದ್ದರೆ ಸರಿ. ಆಮೇಲೆ ಪುಲ್ಲಿ ಗುರುತನ್ನು ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ತಂದು, ಡಿಸ್ಟ್ರಿಬ್ಯೂಟರಿನ ಪಕ್ಕದ ಟರ್ಮಿನಲ್‌ಗೂ ಬಾಡಿಗೂ ನಡುವೆ 12 ವೋಲ್ಟ್ ಬಲ್ಬ್ ಕಟ್ಟಿದೆವು. ಇಗ್ನಿಷನ್ ಆನ್ ಮಾಡಿ ಬಾಡಿಯನ್ನು ನಿಧಾನಕ್ಕೆ ತಿರುಗಿಸಿದರೆ ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಅಲ್ಲಿಗೆ ಕ್ಲಾಂಪ್ ಬಿಗಿ. ಕ್ಲಾಂಪ್ ಬೋಲ್ಟನ್ನು ಹದವಾಗಿ ಬಿಗಿ ಮಾಡಿ. ಅತಿಯಾಗಿ ತಿರುಗಿಸಿದರೆ ಕ್ಲಾಂಪ್ ಸೊಟ್ಟಗಾಗಿ ಆಮೇಲೆ ಹಿಡಿಯುವುದೇ ಇಲ್ಲ.

ಕೊನೆಯ ಹದ ರಸ್ತೆಯಲ್ಲಿ. ವ್ಯಾಕ್ಯೂಮ್ ಡಬ್ಬಿಯ ಗುಂಡಿ ಇರುವುದು ಅದಕ್ಕೇ. ಎ ಎಂದು ಬರೆದ ಕಡೆ ತಿರುಗಿಸಿದರೆ ಅಡ್ವಾನ್ಸ್, ಆರ್ ಕಡೆ ತಿರುಗಿಸಿದರೆ ರಿಟಾರ್ಡ್, ಅಂದರೆ ಕಿಡಿ ತಡ. ಸುಮಾರು 11 ಕ್ಲಿಕ್ಕಿಗೆ 1 ಡಿಗ್ರಿ. ಚಾಮುಂಡಿ ಬೆಟ್ಟದ ಅದೇ ಏರಿಗೆ ಹೋದೆವು. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಒಂದು ಕ್ಷಣ ಸಣ್ಣಗೆ ನಾಕಿಂಗ್ ಕೇಳಿತು. ಮೇಸ್ತ್ರಿ ಇಳಿದು ಆರ್ ಕಡೆಗೆ ಸ್ವಲ್ಪ ತಿರುಗಿಸಿದರು. ಮತ್ತೆ ಹತ್ತಿಸಿದಾಗ ಸದ್ದಿಲ್ಲ. "ಈಗ್ ನೋಡಿ ಸಾರ್, ಎಳೀತೈತೆ" ಅಂದರು. ನಿಜಕ್ಕೂ ಎಳೆಯುತ್ತಿತ್ತು. ಹಳೆ ಅಂಬಾಸಿಡರ್ ಏರು ಹತ್ತುವುದೇ ಹಾಗೆ ಎಂದು ತಿಳಿದಿದ್ದವರನ್ನು ಈ ಕಾರಿನಲ್ಲಿ ಕೂರಿಸಿ ಕರೆದುಕೊಂಡು ಹೋಗಬೇಕು ಅನ್ನಿಸಿತು.

ಎಲೆಕ್ಟ್ರಾನಿಕ್ ಹಾಕಿಸಬಹುದಿತ್ತಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಹಾಕಿಸಬಹುದು. ಪಾಯಿಂಟ್ ಜಾಗದಲ್ಲಿ ಕೂರುವ ಪರ್ಟ್ರಾನಿಕ್ಸ್ ಇದೆ, ನೆದರ್ಲೆಂಡ್ಸ್‌ನ 123 ಇಗ್ನಿಷನ್ ಕಂಪನಿಯ ಪೂರ್ತಿ ಡಿಸ್ಟ್ರಿಬ್ಯೂಟರ್ ಇದೆ. 123ರಲ್ಲಿ 16 ಬಗೆಯ ಅಡ್ವಾನ್ಸ್ ಲೆಕ್ಕಗಳನ್ನು ಒಂದು ಸ್ವಿಚ್ಚಿನಲ್ಲಿ ಆರಿಸಿಕೊಳ್ಳಬಹುದು. ಒಳ್ಳೆಯ ಮಾಲುಗಳೇ. ಆದರೆ ಮಾಡ್ಯೂಲ್ ಮಾತ್ರ ಬದಲಾಯಿಸಿದರೆ ಸವೆದ ಬುಶ್, ತಪ್ಪು ಸ್ಪ್ರಿಂಗ್ ಹಾಗೇ ಉಳಿಯುತ್ತವೆ. ಹಾಕಿಸುವವರು ಎರಡು ವಿಷಯ ನೋಡಿಕೊಳ್ಳಬೇಕು. ಹಳೆ ಬ್ರಿಟಿಷ್ ಮೂಲದ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಅರ್ಥ್ ಇರಬಹುದು. ಪಾಯಿಂಟಿಗೆ ಅದರಿಂದ ತೊಂದರೆಯಿಲ್ಲ, ನೆಗೆಟಿವ್ ಅರ್ಥ್‌ಗೆಂದು ಮಾಡಿದ ಎಲೆಕ್ಟ್ರಾನಿಕ್ ಮಾಡ್ಯೂಲ್ ಮಾತ್ರ ಸುಟ್ಟು ಹೋಗಬಹುದು. ಎರಡನೆಯದು ಕಾಯಿಲ್. 12 ವೋಲ್ಟಿಗೆ ನೇರ ಕೊಡುವ ಕಾಯಿಲ್ ಸುಮಾರು 3 ಓಮ್ ಇರುತ್ತದೆ. ಬ್ಯಾಲಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಜೊತೆ ಬಳಸುವ 1.5 ಓಮ್ ಕಾಯಿಲನ್ನು ನೇರ ಕೊಟ್ಟರೆ ಪಾಯಿಂಟೂ ಬೇಗ ಸುಡುತ್ತದೆ, ಕಾಯಿಲೂ ಕಾದು ಕೆಡುತ್ತದೆ. ನಾನು ಪಾಯಿಂಟನ್ನೇ ಉಳಿಸಿಕೊಂಡೆ. ಸಕಲೇಶಪುರದ ಘಾಟಿಯಲ್ಲಿ ನಿಂತರೂ ಒಂದು ಫೀಲರ್ ಗೇಜ್, ಒಂದು ಸ್ಕ್ರೂಡ್ರೈವರ್ ಇದ್ದರೆ ನಾನೇ ಸರಿ ಮಾಡಿಕೊಂಡು ಮನೆಗೆ ಬರಬಲ್ಲೆ.

ಈಗ ನಾನು ಮಾಡುವ ಆರೈಕೆ ಇಷ್ಟೇ. ಇಂಜಿನ್ ಆಯಿಲ್ ಬದಲಾಯಿಸುವಾಗಲೆಲ್ಲ ಕ್ಯಾಪ್ ತೆಗೆಯುತ್ತೇನೆ. ರೋಟರ್ ಕಿತ್ತು, ಕೆಳಗೆ ಕಾಣುವ ಸ್ಕ್ರೂ ತಲೆಯ ಮೇಲೆ ಎರಡು ಮೂರು ಹನಿ ಇಂಜಿನ್ ಆಯಿಲ್. ಸ್ಕ್ರೂ ಬಿಚ್ಚುವ ಅಗತ್ಯವಿಲ್ಲ, ಪಕ್ಕದ ಸಂದಿಯಿಂದ ಎಣ್ಣೆ ತಾನೇ ಇಳಿಯುತ್ತದೆ. ತಟ್ಟೆಯ ಸಂದಿಯಿಂದ ಗುಂಡುಗಳ ಮೇಲೆ ಒಂದೆರಡು ಹನಿ. ಕ್ಯಾಮಿನ ಮೂಲೆಗಳಿಗೆ ತೆಳುವಾಗಿ ಗ್ರೀಸ್. ಪಾಯಿಂಟಿನ ಮುಖಕ್ಕೆ ಎಣ್ಣೆ ಸೋಕಬಾರದು. ಗ್ಯಾಪ್ ನೋಡುತ್ತೇನೆ. ಫೈಬರ್ ಹಿಮ್ಮಡಿ ಸವೆದು ಗ್ಯಾಪ್ ಕಡಿಮೆಯಾಗುತ್ತಾ ಹೋಗುತ್ತದೆ, ಅದರ ಜೊತೆ ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಮೊಳಕೆಯಂತೆ ಉಬ್ಬು ಬೇಗ ಎದ್ದರೆ ಕಂಡೆನ್ಸರ್ ಮೇಲೆ ಕಣ್ಣಿಡಬೇಕು. ವ್ಯಾಕ್ಯೂಮ್ ಕೊಳವೆ ಒಮ್ಮೆ ಎಳೆದು ನೋಡುತ್ತೇನೆ.

ಡಿಕ್ಕಿಯ ಡಬ್ಬಿಯಲ್ಲಿ ಪರೀಕ್ಷೆ ಮಾಡಿದ ರೋಟರ್, ಅಳೆದ ಕಂಡೆನ್ಸರ್, ಒಂದು ಜೊತೆ ಪಾಯಿಂಟ್ ಇವೆ. ಬಾನೆಟ್ಟಿನ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ. ಡಿಸ್ಟ್ರಿಬ್ಯೂಟರ್ ಯಾವ ಮಾದರಿ, ವ್ಯಾಕ್ಯೂಮ್ ಡಬ್ಬಿಯ ಮೂರು ಸಂಖ್ಯೆ, ಗ್ಯಾಪ್ ಎಷ್ಟು, ಟೈಮಿಂಗ್ ಎಷ್ಟು, ಕ್ಯಾಪ್ ಯಾವ ಜಾತಿ ಎಲ್ಲಾ ಅದರಲ್ಲಿದೆ. ನಾಳೆ ಈ ಕಾರು ಯಾರ ಕೈಗೆ ಹೋದರೂ, ಯಾವ ಊರಿನ ಮೇಸ್ತ್ರಿ ಬಾನೆಟ್ ಎತ್ತಿದರೂ, ಏನು ಕೊಳ್ಳಬೇಕು ಎಂದು ಅವರಿಗೆ ಗೊತ್ತಿರುತ್ತದೆ.